ಪ್ರಶ್ನೆಯ ಕೆಳಗೆ ಬಿಟ್ಟ ಜಾಗ

ನಮ್ಮೂರಿನ ಪ್ರತಿ ಮನೆಯ ತಲೆಬಾಗಿಲ ಬಲಕ್ಕೆ, ಮೊಣಕಾಲೆತ್ತರದಲ್ಲಿ, ಒಂದು ಹಲಗೆ ಇರುತ್ತದೆ. ಬಂದದ್ದರ ಹಲಗೆ ಎಂದು ಅದರ ಹೆಸರು. ಬೆಳಿಗ್ಗೆ ಬಾಗಿಲು ತೆಗೆದವರು ಅಂಗಳಕ್ಕೆ ನೀರು ಹಾಕುವ ಮೊದಲು ಅದರ ಮೇಲೆ ಕಣ್ಣಾಡಿಸುತ್ತಾರೆ. ಯಾರದೋ ಸೌಟು ಇರುತ್ತದೆ, ಯಾರದೋ ಎಡಗಾಲಿನ ಚಪ್ಪಲಿ, ಒಂದೊಂದು ದಿನ ಅರ್ಧ ಬರೆದ ಕಾಗದ. ಸಲ್ಲದ ಕಡೆ ಇಟ್ಟದ್ದು ನಮ್ಮೂರಲ್ಲಿ ನಿಲ್ಲುವುದಿಲ್ಲ. ಉಪ್ಪಿನ ಭರಣಿಯನ್ನು ಸಕ್ಕರೆಯ ಮಗ್ಗುಲಿಗಿಟ್ಟು ಒಲೆಯ ಕಡೆ ತಿರುಗಿದರೆ ಸಾಕು, ಉಪ್ಪು ಮೂರು ಮನೆ ದಾಟಿರುತ್ತದೆ. ಶಾಲೆಯ ಗಡಿಯಾರ ಹೆಡ್‌ಮಾಸ್ತರರ ಕೋಣೆಯಲ್ಲಿ ನಿಲ್ಲದೆ ಕ್ಷೌರದಂಗಡಿಗೆ ಹೋಗಿ ಕೂತಿತು. ಮೂರು ಸಲ ಹೊತ್ತು ತಂದರು, ಮೂರು ಸಲವೂ ಹೋಯಿತು. ಕೊನೆಗೆ ಮಾಸ್ತರರೇ ವೇಳೆ ನೋಡಲು ಅಲ್ಲಿಗೆ ಹೋಗುವುದು, ಹೋದ ಮೇಲೆ ಗಡ್ಡವನ್ನೂ ಮಾಡಿಸಿಕೊಂಡು ಬರುವುದು ರೂಢಿಯಾಯಿತು.

ಹಾಗಾಗಿ ಕಳವು ಎಂಬ ಮಾತು ನಮ್ಮಲ್ಲಿಲ್ಲ. ದಾರಿಯಲ್ಲಿ ಎದುರಾದವರು "ನಮ್ಮದೇನರ ಬಂದದ ಏನ್ರಿ?" ಎನ್ನುತ್ತಾರೆ, ಅದೇ ನಮ್ಮ ನಮಸ್ಕಾರ. ಹೋದದ್ದನ್ನು ಹುಡುಕಿಕೊಂಡು ತಿರುಗುವುದು ಮಾತ್ರ ಕೂಡದು. ಅದರ ಜಾಗವನ್ನು ಒರೆಸಿ ತೆರವಿಡಬೇಕು, ಮಗ್ಗುಲಲ್ಲಿ ಅದಕ್ಕೆ ಜೊತೆಯಾದದ್ದನ್ನು ಇಡಬೇಕು, ಆಮೇಲೆ ಬೆನ್ನು ತಿರುಗಿಸಿ ಬೇರೆ ಕೆಲಸ ಹಿಡಿಯಬೇಕು. ದಿಟ್ಟಿಸಿ ನೋಡುತ್ತ ಕೂತರೆ ಬರುವುದೂ ಬರುವುದಿಲ್ಲ.

ನಾನೂ ಹಲಗೆಯ ಮೇಲೆಯೇ ಬಂದವಳು. ಏಳು ವರ್ಷವೋ ಎಂಟೋ ಇರಬೇಕು. ಗುಂಡಿ ಅಂಗಡಿಯ ಏಕನಾಥಣ್ಣನ ತಾಯಿ ಒಂದು ಮುಂಜಾನೆ ಕದ ತೆಗೆದರೆ ನಾನು ಅಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದೆನಂತೆ. ಊರವರನ್ನೆಲ್ಲ ಕೇಳಿದರಂತೆ, ಯಾರೂ ನನ್ನನ್ನು ತಮ್ಮವಳೆನ್ನಲಿಲ್ಲ. "ಇರ್ಲಿ ಬಿಡ್ರಿ, ಯಾರರ ಬರೂತನಕ ಇದ್ದೀತು" ಎಂದು ಆ ತಾಯಿ ಒಳಗೆ ಕರೆದು ರೊಟ್ಟಿ ಕೊಟ್ಟಳು. ಫಕೀರವ್ವ ಎಂದು ಹೆಸರಿಟ್ಟವಳೂ ಅವಳೇ. ಎರಡು ಇಯತ್ತೆ ಶಾಲೆಗೂ ಕಳಿಸಿದಳು. ಯಾರೂ ಬರಲಿಲ್ಲ. ಈಗ ನನಗೆ ಎಪ್ಪತ್ತು ದಾಟಿರಬೇಕು.

ಏಕನಾಥಣ್ಣನ ಅಂಗಡಿಯಲ್ಲಿ ಮುನ್ನೂರರವತ್ತು ಡಬ್ಬಿಗಳಿದ್ದವು. ಪ್ರತಿ ಡಬ್ಬಿಯ ಮೂತಿಗೆ ಒಳಗಿನ ಮಾಲಿನದೇ ಒಂದು ಗುಂಡಿಯನ್ನು ದಾರದಿಂದ ಕಟ್ಟಿರುತ್ತಿದ್ದರು, ನನ್ನಂಥ ಅಕ್ಷರ ಸರಿಯಾಗಿ ಬಾರದವಳಿಗೂ ಗುರುತು ಸಿಗಲೆಂದು. ಗುಂಡಿ ಮಾರುವುದು ಬೇರೆ ಊರಲ್ಲಿ ಸುಲಭವಿರಬಹುದು. ನಮ್ಮೂರಲ್ಲಿ ಒಂದು ಡಬ್ಬಿ ತಪ್ಪಿಟ್ಟರೆ ಮರುದಿನ ಊರಿನ ಅರ್ಧ ಹಲಗೆಗಳ ಮೇಲೆ ಗುಂಡಿಯೇ ಗುಂಡಿ. ನಾನು ಬಂದ ಹೊಸದರಲ್ಲಿ ಹೀಗೆಯೇ ಮಾಡಿದ್ದೆ. ಬಿಳಿಯವೆಲ್ಲ ಒಂದು ಕಡೆ ಚೆಂದ ಕಾಣುತ್ತವೆಂದು ಶಾಲೆಯ ಅಂಗಿಯ ಬಿಳಿ ಗುಂಡಿಯನ್ನೂ ದಿಂಬಿನ ಗವಸಿನ ಬಿಳಿ ಗುಂಡಿಯನ್ನೂ ಒಟ್ಟಿಗೆ ಇಟ್ಟೆ. ಮಧ್ಯಾಹ್ನದೊಳಗೆ ಎರಡೂ ಡಬ್ಬಿ ಬರಿದು. ಏಕನಾಥಣ್ಣ ಬೈಯಲಿಲ್ಲ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವನು, ಆಗಿನ್ನೂ ಮೀಸೆ ಮೂಡುತ್ತಿತ್ತು. ಕೂರಿಸಿಕೊಂಡು ಹೇಳಿದ: "ಬಣ್ಣ ನೋಡಿ ಇಡಬ್ಯಾಡ. ಮಂದಿ ಹೆಂಗ ಕೇಳ್ತಾರ ಕಿವಿಗೊಟ್ಟು ಕೇಳು. ಒಂದ ಉಸುರಿಗೆ ಏನೇನ ಕೇಳ್ತಾರ, ಅವು ಒಂದ ಸಾಲಿಗೆ."

ಅಂದಿನಿಂದ ನಾನು ಕಿವಿಗೊಟ್ಟೆ. ಶಾಲೆಯ ಬಿಳಿ ಗುಂಡಿ ಕೇಳಿದವರು ಅದೇ ಉಸಿರಿನಲ್ಲಿ ಚಡ್ಡಿಯ ಹುಕ್ಕು ಕೇಳುತ್ತಿದ್ದರು. ಕೋಟಿನ ಗುಂಡಿಗೆ ಬಂದವರು ದಪ್ಪ ಸೂಜಿಯನ್ನೂ. ಮದುವೆ ಜಂಪರಿನ ಹುಕ್ಕಿಗೆ ಬಂದ ಹೆಂಗಸರು, ಎದ್ದು ಹೋಗುವಾಗ ತಿರುಗಿ ನಿಂತು, ಲಾಡಿ ಕೇಳುತ್ತಿದ್ದರು. ಮುಂದೆ ಹುಟ್ಟುವ ಕೂಸಿನ ಅಂಗಿಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಲಾಡಿ ಹುಕ್ಕಿನ ಪಕ್ಕದಲ್ಲಿ ಐವತ್ತು ವರ್ಷ ಕದಲದೆ ಕೂತಿತ್ತು. ಎಲ್ಲಕ್ಕೂ ಕೆಳಗಿನ ಖಾನೆಯಲ್ಲಿ ಒಂಟಿ ಗುಂಡಿಗಳು: ಹಾದಿಯಲ್ಲಿ ಬಿದ್ದವು, ಹಲಗೆಗೆ ಬಂದವು, ಜೊತೆಯಿಲ್ಲದವು. ಅವನ್ನು ಏಕನಾಥಣ್ಣ ಎಂದೂ ಮಾರಲಿಲ್ಲ.

ಏಕನಾಥಣ್ಣನ ಮಗಳು ಮುಕ್ತಾ. ತಾಯಿ ಇಲ್ಲದ ಕೂಸು, ನನ್ನ ಮಡಿಲಲ್ಲೇ ಬೆಳೆದು ನನ್ನನ್ನು ಅತ್ತಿ ಎಂದಳು. ದೊಡ್ಡವಳಾಗಿ ಎರಡು ಹಗಲಿನ ದಾರಿಯ ಇನ್ನೊಂದು ಊರಲ್ಲಿ ಹೊಲಿಗೆ ಕಲಿಸುವ ಕೆಲಸ ಹಿಡಿದಳು. ಅಪ್ಪನ ಎದೆನೋವು ಹೆಚ್ಚಾದಾಗ ನೋಡಲು ಬಂದಳು. ಐದು ದಿನವಿದ್ದು ಆರನೆಯ ದಿನ ಹೊರಡಲು ಚೀಲ ಹೆಗಲಿಗೆ ಹಾಕಿಕೊಂಡು ನಡುಮನೆ ದಾಟಿ ಅಂಗಡಿಯ ಹೊಸ್ತಿಲಿಗೆ ಬಂದಾಗ, ಒಳಗೆ ಹೊರಸಿನ ಮೇಲೆ ಮಲಗಿದ್ದ ಅಪ್ಪ ಮಾತಾಡುತ್ತಿದ್ದುದು ಕೇಳಿಸಿತು. ಊರಿಗೆ ಹೋದ ಮೇಲೆ ಕೇಳಲು ಇರಲಿ ಎಂದು ಫೋನಿನಲ್ಲಿ ದನಿ ಹಿಡಿದಿಡುವ ಗುಂಡಿ ಒತ್ತಿದಳು. ನಲವತ್ತು ಸೆಕೆಂಡಿನ ಮಾತು.

"ಎಲ್ಲಿಗಿ ಹೋಗ್ತಿ? ಇಲ್ಲೇ ಇರು. ಕಿಟಕಿ ಕಡೆ ಕುಂದ್ರು, ಬೆಳಕಿರ್ತದ. ಒಂಟಿ ಗುಂಡಿ ಬಂದ್ರ ಒಗೀಬ್ಯಾಡ, ಅದರ ಮಂದಿ ಬರೂತನಕ ಇಟ್ಕೋ. ಹೋಗೂದು ಗೀಗೂದು ಏನೂ ಇಲ್ಲ. ಕೇಳಿಸ್ತಿಲ್ಲೊ?" ಆಮೇಲೆ ಕೆಮ್ಮು.

ಮುಕ್ತಾ ಒಳಗೆ ಬಂದು ಚೀಲ ಇಳಿಸಿದಳು. ಎರಡು ದಿನ ಬಿಟ್ಟು ಏಕನಾಥಣ್ಣ ತೀರಿಹೋದ. ಅವಳು ಹೊಲಿಗೆ ಶಾಲೆಗೆ ಕಾಗದ ಬರೆದು ಕೆಲಸ ಬಿಟ್ಟಳು, ಕಿಟಕಿಯ ಪಕ್ಕ ಮೇಜು ಹಾಕಿಕೊಂಡಳು, ಅಂಗಡಿ ನಡೆಸಿದಳು. ನಾನು ಒಳಗಿನ ಮಣೆಯ ಮೇಲೆ, ಡಬ್ಬಿಗಳ ನೆರಳಲ್ಲಿ ಕೂತು ಗುಂಡಿ ಆರಿಸಿದೆ. ಕಣ್ಣು ಮಂಜಾದ ಮೇಲೆ ಬೆರಳಿನಿಂದಲೇ ಆರಿಸಿದೆ. ಸಂಜೆಗೊಮ್ಮೆ ಮುಕ್ತಾ ಫೋನಿನಲ್ಲಿ ಆ ದನಿ ಹಾಕುತ್ತಿದ್ದಳು. "ಅಪ್ಪ ನನಗ ಇರು ಅಂದಾನ, ಅತ್ತಿ" ಎನ್ನುತ್ತಿದ್ದಳು. "ಹೂಂ ಕೂಸ" ಎನ್ನುತ್ತಿದ್ದೆ.

ಐದು ವರ್ಷ ಕಳೆಯಿತು. ಸಿದ್ಧ ಉಡುಪು ಬಂದು ಊರಿನ ಗಿರಾಕಿ ಕಡಿಮೆಯಾಗಿ, ಹೊರಗಿನವರು ಫೋನಿನಲ್ಲಿ ಕೇಳುವುದು ಹೆಚ್ಚಾಯಿತು. ಮುಕ್ತಾ ಅಂಗಡಿಗೊಂದು ವೆಬ್‌ಸೈಟು ಮಾಡಲು ಕೂತಳು. ಅದರಲ್ಲಿ ಎಲ್ಲವನ್ನೂ ತುಂಬಿದಳು: ಗುಂಡಿಯ ಫೋಟೊ, ಹುಕ್ಕಿನ ಬೆಲೆ, ಸೋಮವಾರ ರಜೆಯೆಂಬ ಮಾತು, ಅಳತೆ ತೆಗೆಯುವ ಬಗೆ, ಗಿರಾಕಿಗಳು ಬರೆದ ಮೆಚ್ಚುಗೆಯ ಕಾಗದ. "ನಮ್ಮ ಬಗ್ಗೆ" ಎಂಬ ಕಡೆ ಅಪ್ಪನ ದನಿಯನ್ನು ಇಟ್ಟಳು. ನಮ್ಮೂರಲ್ಲಿ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಟ್ಟದ್ದು ಮೊದಲಿನ ಕಡೆ ಉಳಿಯುವುದಿಲ್ಲ, ದನಿಗೂ ಅದೇ ಲೆಕ್ಕ. ಫೋನಿನಿಂದ ಪುಟಕ್ಕೆ ಹೋಯಿತು. ನಾವಿಬ್ಬರೂ ಚಹಾ ಕುಡಿಯಲು ಒಳಗೆ ಹೋದೆವು. ಕಪ್ಪು ಬಸಿ ತೊಳೆದಿಟ್ಟು ಬಂದು ನೋಡಿದರೆ ಪುಟದಲ್ಲಿ ಅಂಗಡಿಯ ಹೆಸರೊಂದು ಬಿಟ್ಟು ಏನೂ ಇಲ್ಲ.

ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಬಂಡೂಸಾ ಓಡುತ್ತ ಬಂದ. ಅವನದೂ ಒಂದು ವೆಬ್‌ಸೈಟು ಇತ್ತು. "ಏ ಮುಕ್ತಾ, ನಿನ್ನ ಗುಂಡಿ ಎಲ್ಲಾ ನನ್ನ ಹಿಟ್ಟಿನ್ಯಾಗ ಬಂದಾವ! ಜ್ವಾಳದ ಹಿಟ್ಟು, ಗೋಧಿ ಹಿಟ್ಟು, ಹಿತ್ತಾಳಿ ಗುಂಡಿ ಅಂತ ಬರಾಕತ್ತದ. ಮಂದಿ ರೊಟ್ಟಿಗಿ ಹೆಂಗ ಹಚ್ಚೂದು ಅಂತ ಕೇಳಾಕತ್ತಾರ!"

"ನಗಬ್ಯಾಡ್ರಿ ಕಾಕಾ. ನಮ್ಮಪ್ಪನ ದನಿ ಏನರ ಬಂದದ?"

ಬಂಡೂಸಾನ ನಗು ಇಳಿಯಿತು. "ದನಿ ಬಂದಿಲ್ಲವ್ವಾ. ಬಂದಿದ್ರ ನಾ ಹೊತ್ಕೊಂಡ ಬರ್ತಿದ್ದೆ." ಅಂದೇ ಅವನು ತನ್ನ ಪುಟದ ಅಡಿಯಲ್ಲಿ ಬಂದದ್ದರ ಹಲಗೆಯೊಂದನ್ನು ಬರೆಸಿದ. ಅವನನ್ನು ನೋಡಿ ಹಲ್ಲಿನ ಡಾಕ್ಟರು, ಸೀರೆಯಂಗಡಿಯವರು, ಮದುವೆ ಮಂಟಪದವರು, ಎಲ್ಲರೂ ಬರೆಸಿದರು. ಒಂದೊಂದಾಗಿ ನಮ್ಮದೆಲ್ಲ ಹಲಗೆಗಳ ಮೇಲಿಂದ ಮನೆಗೆ ಬಂತು. ದನಿ ಮಾತ್ರ ಬರಲಿಲ್ಲ.

ಬಂದದ್ದನ್ನು ನಿಲ್ಲಿಸಬೇಕಲ್ಲ. ಮುಕ್ತಾ ಈ ಸಲ ಜಾತಿ ಹಿಡಿದು ಜೋಡಿಸಿದಳು, ಕಟ್ಟಿಗೆಯವು ಒಂದು ಪುಟ, ಹಿತ್ತಾಳೆಯವು ಒಂದು ಪುಟ, ಚಿಪ್ಪಿನವು ಒಂದು ಪುಟ. ಮೆಚ್ಚುಗೆಯ ಕಾಗದಗಳಿಗೆಲ್ಲ ಬೇರೆಯೇ ಒಂದು ಪುಟ. ಅರ್ಧ ದಿನವೂ ನಿಲ್ಲಲಿಲ್ಲ. ಅವಳು ತಲೆ ಹಿಡಿದುಕೊಂಡು ಕೂತಾಗ ನಾನು ಮಣೆಯಿಂದ ಎದ್ದೆ.

"ಮುಕ್ತವ್ವ, 'ನನಗೊಂದು ಚಿಪ್ಪಿಂದು ಕೊಡ್ರಿ' ಅಂತ ಯಾರರ ಬಂದಾರೇನು ನಮ್ಮಲ್ಲಿ? 'ಗಂಡನ ಅಂಗೀದು ಕೊಳ್ಳಪಟ್ಟಿ ಗುಂಡಿ ಹೋಗೇದ' ಅಂತ ಬರ್ತಾರ. ಹಂಗ ಇಡು."

"ಇದು ಡಬ್ಬಿ ಅಲ್ಲಲ್ಲ ಅತ್ತಿ, ವೆಬ್‌ಸೈಟು."

"ಕೇಳೂ ಮಂದಿ ಅವರೇ ಅಲ್ಲೇನು?"

ಶ್ರಾವಣ ಮುಗಿಯುವ ತನಕ ನಾನು ನೆನಪು ತೆಗೆದು ತೆಗೆದು ಹೇಳಿದೆ, ಅವಳು ಬರೆದಳು. ಯಾರು ಬರುತ್ತಿದ್ದರು, ಬಂದು ಏನೆಂದು ಬಾಯಿ ತೆಗೆಯುತ್ತಿದ್ದರು, ಅದಾದ ಮೇಲೆ ಏನು ಕೇಳುತ್ತಿದ್ದರು. ಒಂದು ಪುಟ ಹೊಸದಾಗಿ ಹೊಲಿಸುವವರಿಗೆ, ಇನ್ನೊಂದು ಒಂದೇ ಗುಂಡಿ ಕಳಕೊಂಡವರಿಗೆ. ಅಳತೆ ತೆಗೆಯುವ ಬಗೆಯನ್ನು ಬೆಲೆಗಿಂತ ಮೊದಲು ಇಟ್ಟೆವು, ಯಾಕೆಂದರೆ ಅಳತೆ ತಿಳಿಯದವರು ಬೆಲೆ ಕೇಳಿ ಏನು ಮಾಡಿಯಾರು? ರಜೆಯ ಮಾತು ಅಂಗಡಿಗೆ ಬರುವ ದಾರಿಯ ಮಗ್ಗುಲಿಗೆ ಹೋಗಿ ಗಪ್ಪನೆ ಕೂತಿತು. 'ನಿಮ್ಮ ಹುಕ್ಕು ಮೂರು ಬಾಣಂತನಕ್ಕೂ ತಾಳಿದವು' ಎಂದು ಒಬ್ಬ ತಾಯಿ ಬರೆದ ಕಾಗದ ಮೆಚ್ಚುಗೆಯ ಪುಟದಲ್ಲಿ ಒಂದು ಗಳಿಗೆಯೂ ನಿಲ್ಲದೆ ಓಡಾಡುತ್ತಿತ್ತು. ಹುಕ್ಕಿನ ಕೆಳಗೆ ಇಟ್ಟೆವು, ಈಗಲೂ ಅಲ್ಲೇ ಇದೆ. ಆ ತಿಂಗಳು ನನಗೆ ಹಳೆಯ ಅಂಗಡಿ ಮತ್ತೆ ಸಿಕ್ಕಿದಂತಿತ್ತು. ಸತ್ತುಹೋದ ಗಿರಾಕಿಗಳೆಲ್ಲ ಬಂದು ಕಟ್ಟೆಯ ಮೇಲೆ ಕೂತು, "ಫಕೀರವ್ವ, ಲಗು ಕೊಡವಾ" ಎಂದು ಗದ್ದಲ ಹಾಕಿದಂತೆ.

ಕೊನೆಯ ಪುಟಕ್ಕೆ 'ಕೇಳಿದ್ದು, ಹೇಳಿದ್ದು' ಎಂದು ಹೆಸರು ಕೊಟ್ಟೆವು. ಗಿರಾಕಿಗಳು ಕೇಳುವ ಪ್ರಶ್ನೆ, ಅದರ ಕೆಳಗೆ ಉತ್ತರ. ಅದನ್ನು ಬರೆಯುವಾಗ ಮುಕ್ತಾಳಿಗೆ ಥಟ್ಟನೆ ಹೊಳೆಯಿತು. "ಅತ್ತಿ, ಅಪ್ಪ ಯಾವುದಕ್ಕೋ ಉತ್ತರ ಹೇಳಿದಂಗದ ಅಲ್ಲ ಆ ದನಿ? ಅದರ ಪ್ರಶ್ನೆ ಬರದು ಕೆಳಗ ಜಾಗ ಬಿಟ್ರ ಬಂದೀತು."

"ಬಂದೀತು" ಎಂದೆ.

ಆ ಪ್ರಶ್ನೆ ನನಗೆ ಗೊತ್ತಿತ್ತು. ಕೇಳಿದವಳು ನಾನೇ. ಅಂದು ಮುಕ್ತಾ ಹೊಸ್ತಿಲಿಗೆ ಬರುವ ಮೊದಲು, ಹೊರಸಿನ ಪಕ್ಕ ಕೂತು ಅವನ ಕಾಲು ಒತ್ತುತ್ತಿದ್ದೆ. ಅರವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ. ಹಲಗೆಯ ಮೇಲೆ ಬಂದವಳು, ಈ ಮನೆಯಲ್ಲಿ ಅವನಿರುವ ತನಕ ಸರಿ. ಅವನು ಹೋದ ಮೇಲೆ? ಅದಕ್ಕೆ ಅವನು ಹೇಳಿದ್ದು ಆ ನಲವತ್ತು ಸೆಕೆಂಡು. ಮಗಳು ಹೊರಗೆ ನಿಂತಿದ್ದು ಅವನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅವಳು ಕಣ್ಣೀರಿಡುತ್ತ ಒಳಗೆ ಬಂದು ಚೀಲ ಇಳಿಸಿ "ಇರ್ತೀನಪ್ಪಾ" ಎಂದಾಗ ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ತುಟಿಯ ಮೇಲೆ ಒಂದು ಸಣ್ಣ ನಗು ಬಂತು. ಇಬ್ಬರೂ ಅವಳನ್ನು ತಿದ್ದಲಿಲ್ಲ. ಐದು ವರ್ಷ ನಾನು ಸುಮ್ಮನೇ ಇದ್ದೆ. ಅವಳು ಇಲ್ಲಿ ಉಳಿದದ್ದೇ ಆ ಮಾತಿನ ಮೇಲೆ. ಅದು ತನಗಲ್ಲ ಎಂದು ತಿಳಿದರೆ?

ಅದಕ್ಕೇ ಸುಳ್ಳು ಪ್ರಶ್ನೆ ಹೇಳಿಕೊಟ್ಟೆ. ಗುಂಡಿ ಪದೇ ಪದೇ ಯಾಕೆ ಬೀಳುತ್ತದೆ ಎಂದು ಬರೆಸಿ ಜಾಗ ಬಿಡಿಸಿದೆ. ಸಂಜೆಗೆ ಅಲ್ಲಿ ಹಲ್ಲಿನ ಡಾಕ್ಟರ ಪುಟದಿಂದ ಒಂದು ಸಾಲು ಬಂದು ಕೂತಿತ್ತು: 'ಬುಡ ಸಡಿಲಾದರೆ ಬೀಳುತ್ತವೆ, ತಡಮಾಡದೆ ತೋರಿಸಿ.' ಬಂಡೂಸಾ ಅದನ್ನು ಓದಿ ಓದಿ ನಕ್ಕ. "ಇರ್ಲಿ ಬಿಡು ಮುಕ್ತಾ, ಗುಂಡಿಗೂ ಹಲ್ಲಿಗೂ ಒಂದ ಔಷಧ!" ಆ ಸಾಲು ಅಲ್ಲೇ ನಿಂತುಬಿಟ್ಟಿತು, ನಾವೂ ತೆಗೆಯಲಿಲ್ಲ. ಇನ್ನೂ ನಾಲ್ಕು ಪ್ರಶ್ನೆ ಬರೆಸಿದೆ. ನಾಲ್ಕರ ಕೆಳಗೂ ಏನೂ ಬರಲಿಲ್ಲ.

ಮುಕ್ತಾ ಊಟ ಬಿಟ್ಟಳು. ಸಂಜೆ ದನಿ ಹಾಕುತ್ತಿದ್ದ ಹೊತ್ತಿಗೆ ಫೋನನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಮಧ್ಯಾಹ್ನ ಹೇಳಿದಳು: "ಅತ್ತಿ, ಹೊಲಿಗಿ ಶಾಲಿಯವರು ಮತ್ತ ಕರೀತಾರ. ಅಪ್ಪ ಇರು ಅಂದಿದ್ದಕ್ಕ ಇದ್ದೆ. ಆ ಮಾತ ಹೋತು, ಇನ್ನ ನಾ ಯಾಕಿರ್ಲಿ?"

ಹೇಳದಿದ್ದರೂ ಹೋಗುತ್ತಾಳೆ, ಹೇಳಿದರೂ ಹೋಗುತ್ತಾಳೆ. ಹೋಗುವವಳು ಅಪ್ಪನ ದನಿಯನ್ನಾದರೂ ತೆಗೆದುಕೊಂಡು ಹೋಗಲಿ ಎಂದುಕೊಂಡೆ.

"ಬರಕೋ. ಇನ್ನೊಂದು ಪ್ರಶ್ನೆ ಅದ."

"ಯಾವ ಗಿರಾಕಿದು?"

"ಗಿರಾಕೀದಲ್ಲ. ನಂದು." ಹೇಳಿದೆ. ಅವಳ ಬೆರಳು ಒಂದೊಂದೇ ಅಕ್ಷರ ಒತ್ತಿತು: 'ಏಕನಾಥಣ್ಣ, ನೀ ಇಲ್ಲಂದ್ರ ನಾ ಎಲ್ಲಿಗಿ ಹೋಗ್ಲಿ?' ಒತ್ತಿ ಮುಗಿಸಿ ಅವಳು ತಲೆ ಎತ್ತಲಿಲ್ಲ. ಕೆಳಗೆ ಜಾಗ ಬಿಟ್ಟಳು. ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ಬೆನ್ನು ತಿರುಗಿಸಿದೆವು. ನಾನು ಒತ್ತುಗುಂಡಿಗಳನ್ನು ಡಜನ್ ಡಜನ್ ಎಣಿಸಿ ಹಾಳೆಯಲ್ಲಿ ಕಟ್ಟತೊಡಗಿದೆ. ಮೂರನೆಯ ಡಜನ್ನಿನಲ್ಲಿದ್ದೆ. ಹಿಂದಿನಿಂದ ಏಕನಾಥಣ್ಣ ಕೆಮ್ಮಿದ.

ಅವಳು ದನಿಯನ್ನು ಮೊದಲಿನಿಂದ ಹಾಕಿದಳು. ಎಲ್ಲಿಗಿ ಹೋಗ್ತಿ, ಇಲ್ಲೇ ಇರು. ಕಿಟಕಿ ಕಡೆ ಕುಂದ್ರು. ಮುಗಿದ ಮೇಲೆ ಬಹಳ ಹೊತ್ತು ಕಿಟಕಿಯ ಪಕ್ಕದ ತನ್ನ ಮೇಜನ್ನು ನೋಡಿದಳು, ನೆರಳಲ್ಲಿದ್ದ ನನ್ನ ಮಣೆಯನ್ನು ನೋಡಿದಳು.

"ಐದು ವರ್ಷ ನಾ ನಿನ್ನ ಬೆಳಕಿನ್ಯಾಗ ಕುಂತೀನಲ್ಲ, ಅತ್ತಿ."

"ನೀ ಕುಂತ್ರ ಬೆಳಕೇನ ಸವೀತದ?"

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೋಗ್ತಿದ್ದಿ."

ಅವಳು ಎದ್ದು ಮೇಜನ್ನು ಎಳೆದು ಒಳಗೆ ಹಾಕಿದಳು, ನನ್ನ ಮಣೆಯನ್ನು ತೆಗೆದು ಕುರ್ಚಿಯೊಂದನ್ನು ಕಿಟಕಿಗೆ ತಂದಿಟ್ಟು, ರಟ್ಟೆ ಹಿಡಿದು ನನ್ನನ್ನು ಕೂರಿಸಿದಳು. ಐದು ವರ್ಷದ ಮೇಲೆ ನನ್ನ ಕೈಯೊಳಗಿನ ಗುಂಡಿಯ ತೂತುಗಳು ನನಗೆ ಕಂಡವು. ಆಮೇಲೆ ಅವಳು ಫೋನು ತೆಗೆದುಕೊಂಡು ನನ್ನ ಪ್ರಶ್ನೆಯ ಕೆಳಗೆ, ದನಿಯ ಕೆಳಗೆ, ಇನ್ನೊಂದು ಪ್ರಶ್ನೆ ಬರೆದಳು: 'ಅಪ್ಪಾ, ನಾನು ಇರಲೋ, ಹೋಗಲೋ?' ಕೆಳಗೆ ಜಾಗ ಬಿಟ್ಟಳು.

ನಾಲ್ಕು ದಿನ ಕಾದಳು. ಸತ್ತವರು ಹೊಸ ಮಾತು ಆಡುವುದು ನಮ್ಮೂರಲ್ಲೂ ಇಲ್ಲ. ಐದನೆಯ ದಿನ ಬೆಳಿಗ್ಗೆ ಅಟ್ಟದಿಂದ ಹಳೆಯ ಚೀಲ ಇಳಿಸಿ ಬಟ್ಟೆ ತುಂಬಿ ತಲೆಬಾಗಿಲಲ್ಲಿ ಇಟ್ಟಳು. "ನೀರ ಕುಡದು ಬರ್ತೀನಿ ಅತ್ತಿ, ಬಸ್ಸಿಗೆ ಹೊತ್ತದ" ಎಂದು ಒಳಗೆ ಹೋದಳು.

ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಪುಟ ತೆರೆದೇ ಇತ್ತು, ಅವಳ ಪ್ರಶ್ನೆಯ ಕೆಳಗಿನ ಜಾಗ ಖಾಲಿ. ಅವಳು ಕೇಳಿದ್ದು ಅವರಪ್ಪನನ್ನು, ನನ್ನನ್ನಲ್ಲ. ನಡುವೆ ಬಾಯಿ ಹಾಕಲು ನಾನು ಯಾರು? ಸಲ್ಲದಿದ್ದರೆ ಹೋಗುತ್ತದೆ, ಅಷ್ಟೇ ಅಲ್ಲವೇ ಎಂದುಕೊಂಡೆ. ಎರಡು ಇಯತ್ತೆಯ ಅಕ್ಷರ, ಅರವತ್ತು ವರ್ಷದಿಂದ ಮುಟ್ಟಿರಲಿಲ್ಲ. ಆದರೆ ಅಲ್ಲಿ ಬೆಳಕಿತ್ತು, ಕಂಡವು. 'ಇ' ಸಿಕ್ಕಿತು. 'ರು' ಮಾಡಲು ಬೆರಳು ನಾಲ್ಕು ಸಲ ತಪ್ಪಿತು. ಇರು, ಎಂದು ಒತ್ತಿ ಫೋನನ್ನು ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸಿದೆ. ಗುಂಡಿ ಎಣಿಸಿದೆ. ಮೂರು ಡಜನ್ ಆಯಿತು. ಆರಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮುಕ್ತಾ ಬಂದಳು. ಫೋನು ಎತ್ತಿಕೊಂಡದ್ದು ಗೊತ್ತಾಯಿತು.

"ಅತ್ತಿ, ಇದು ಎಷ್ಟೊತ್ತಿಗೆ ಬರದಿದ್ದು?"

"ನೀ ಒಳಗ ಹೋದಕೂಡ್ಲೆ."

"ಕದಲಿಲ್ಲಲ್ಲ."

ಅವಳು ತಲೆಬಾಗಿಲಿಗೆ ಹೋದಳು. ಅಲ್ಲಿ ನಿಂತು ಆ ಕಡೆ ಈ ಕಡೆ ನೋಡಿದಳು. ಬಾಗಿಲ ಹೊರಗೆ ಇಣುಕಿ ನಮ್ಮ ಹಲಗೆಯನ್ನೂ ನೋಡಿದಳು.

"ನನ್ನ ಚೀಲ ಎಲ್ಲಿ ಹೋತು?"

"ಅಟ್ಟದ ಮ್ಯಾಲ ನೋಡು, ಕೂಸ" ಎಂದೆ.